ಫ್ಯಾನ್ ಆಮೇಲೆ, ಮೊದಲು ಗಾಳಿ ಒಳಗೆ ಬರೋ ದಾರಿ ಎಲ್ಲಿದೆ ಹೇಳಿ

ಬಚ್ಚಲಮನೆಯನ್ನೇ ಡಾರ್ಕ್‌ರೂಮ್, ಅಂದರೆ ಫಿಲ್ಮ್ ಫೋಟೊ ತೊಳೆಯೋ ಕತ್ತಲ ಕೋಣೆ ಮಾಡಿಕೊಂಡಿದ್ದೀರಿ, ಫೋಟೊ ಮಾಸದಂತೆ ಗಟ್ಟಿ ಮಾಡೋ ಹೈಪೋ ದ್ರಾವಣದ ವಾಸನೆಗೆ ಗಂಟಲು ಉರಿಯುತ್ತೆ, 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಲೋ ಏರ್ ಪ್ಯೂರಿಫೈಯರ್ ತರಲೋ ಅಂತ ಕೇಳಿದ್ದೀರಿ. ಓದುತ್ತಲೇ ನನಗೆ ಕೆಮ್ಮು ಬಂತು ನೋಡ್ರಿ.

ನಾನು ಗದಗಿನವನು. ನಮ್ಮದು ಹಳೇ ಮಣ್ಣಿನ ಮಾಳಿಗೆ ಮನೆ. ಕಾಳಿನ ಚೀಲ ಇಡುತ್ತಿದ್ದ ಕೋಣೆಯನ್ನು ಅವ್ವನ ಕೈಲಿ ಬೇಡಿ ಪಡೆದೆ. 8 ಅಡಿ ಉದ್ದ, 7 ಅಡಿ ಅಗಲ, 10 ಅಡಿ ಎತ್ತರ. ಎಳ್ಳಷ್ಟೂ ಬೆಳಕು ಬರಬಾರದು ಅಂತ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ಅದರ ಮೇಲೆ ಎರಡು ಪದರ ಕರಿ ಬಟ್ಟೆ, ಬೆಳಕಿಂಡಿಗೆ ತಗಡು. ಫೋಟೊ ತೊಳೆಯೋ ದ್ರಾವಣದ ಟ್ರೇಗಳ ನೆತ್ತಿಯ ಮೇಲೆ, ಗೋಡೆಯ ತುದಿಯಲ್ಲಿ ಫ್ಯಾನ್. ಗುಂಯ್ ಅಂತ ತಿರುಗುತ್ತಿತ್ತು. ಕೆಲಸ ಮಾಡುತ್ತಿದೆ ಅಂದುಕೊಂಡೆ.

ಅರ್ಧ ತಾಸಿಗೆ ಕಣ್ಣುರಿ, ಒಂದು ತಾಸಿಗೆ ಕೆಮ್ಮು. ಫ್ಯಾನ್ ಸಣ್ಣದಾಯ್ತು ಅಂತ 9 ಇಂಚಿನದು ಹಾಕಿಸಿದೆ. ಸದ್ದು ಜಾಸ್ತಿ ಆಯ್ತು ಅಷ್ಟೇ. ಬೇಸಿಗೆ ಬಂತು, ದ್ರಾವಣ ಬಿಸಿಯಾದಷ್ಟೂ ಘಾಟು ಏರಿತು, ಕೊನೆಗೆ ಇನ್‌ಹೇಲರ್ ಕೈಗೆ ಬಂತು. ಹತ್ತಿರದ ಕಪ್ಪತಗುಡ್ಡದಲ್ಲಿ ಗಾಳಿಗೆ ಕರೆಂಟ್ ತಯಾರಾಗುತ್ತೆ, ನನ್ನ ಕೋಣೆಯಲ್ಲಿ ಕರೆಂಟ್ ಸುಟ್ಟರೂ ಗಾಳಿ ಇಲ್ಲ!

ಒಂದಿನ ಅವ್ವ ಪೂಜೆ ಮುಗಿಸಿ ಊದಿನಕಡ್ಡಿ ಹಿಡಿದೇ ಒಳಗೆ ಬಂದಳು. ಬಾಗಿಲು ಹಾಕಿದೆ. ಫ್ಯಾನ್ ಭರ್ರೋ ಅನ್ನುತ್ತಿದೆ, ಹೊಗೆ ಮಾತ್ರ ನಿಂತಲ್ಲೇ ಸುರುಳಿ ಸುತ್ತುತ್ತಿದೆ. "ಗಾಳಿ ಒಳಗ ಬರಲಿಲ್ಲಂದ್ರ ಹೊರಗ ಹೆಂಗ ಹೋಗತೈತೋ? ಒಲಿ ಊದೋವಾಗ ನಾ ಬಾಗಲಾ ಹಾಕ್ಕೊಂಡು ಕೂಡ್ತಿದ್ನೇನು?" ಅಂದಳು.

ನನ್ನ ತಪ್ಪು ಅದೇ. ಎಣ್ಣೆ ಡಬ್ಬಿಗೆ ಒಂದೇ ತೂತು ಹಾಕಿದರೆ ಗುಳುಗುಳು ಅಂತ ತಡೆದು ತಡೆದು ಬೀಳುತ್ತೆ, ಅಲ್ವಾ? ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಧಾರೆ ಕಟ್ಟುತ್ತೆ. ನಾನು ಒಂದೇ ತೂತಿನ ಡಬ್ಬಿಯಲ್ಲಿ ಕೂತಿದ್ದೆ. 9 ಇಂಚಲ್ಲ, 12 ಇಂಚಿನ ಫ್ಯಾನ್ ಹಾಕಿದ್ದರೂ ಅಷ್ಟೇ. ಸಾಲದ್ದಕ್ಕೆ ಫ್ಯಾನ್ ನೆತ್ತಿಯ ಮೇಲೆ. ಟ್ರೇಯಿಂದ ಎದ್ದ ಅಷ್ಟಿಷ್ಟು ಘಾಟೂ ನನ್ನ ಮೂಗನ್ನು ಮುಟ್ಟಿಯೇ ಮೇಲೆ ಹೋಗುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಪ್ಯೂರಿಫೈಯರ್ ಮರೆತುಬಿಡಿ. ಅದರ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತೆ, ಹೈಪೋದಿಂದ ಏಳುವ ಸಲ್ಫರ್ ಡೈಆಕ್ಸೈಡ್ ಅನಿಲ ಅದಕ್ಕೆ ಸಿಗಲ್ಲ. ಬಾಗಿಲ ಕೆಳಗೆ ಗಾಳಿಗೆ ದಾರಿ ಮಾಡಿ. ನಾನು ಮರದ ಡಬ್ಬಿಯೊಳಗೆ ಅಡ್ಡ ಹಲಗೆ ಕೊಟ್ಟು ಎರಡು ತಿರುವು ಮಾಡಿಸಿ, ಹೊಳಪಿಲ್ಲದ ಕರಿ ಬಣ್ಣ ಬಳಿಸಿದೆ. ಗಾಳಿ ತಿರುಗಿಕೊಂಡು ಬರುತ್ತೆ, ಬೆಳಕು ಬರಲ್ಲ. ಧೂಳಿಗೆ ತೆಳು ಬಟ್ಟೆ. ಫ್ಯಾನ್ ಎದುರು ಗೋಡೆಗೆ, ಟ್ರೇಗಳ ಹಿಂದೆ, ಮೂಗಿಗಿಂತ ಕೆಳಗೆ. ತಾಸಿಗೆ 10 ಸಲ ಕೋಣೆಯ ಗಾಳಿ ಬದಲಾಗಬೇಕು ಅನ್ನೋದು ಲೆಕ್ಕ. ನನ್ನ ಕೋಣೆ 560 ಘನ ಅಡಿ, ಅಂದರೆ ನಿಮಿಷಕ್ಕೆ ಸುಮಾರು 95 ಘನ ಅಡಿ. ತಿರುವುಗಳಲ್ಲಿ ಗಾಳಿಯ ಓಟ ಕುಗ್ಗುತ್ತೆ, ಅದರ ಎರಡು ಪಟ್ಟು ಎಳೆಯೋ ಫ್ಯಾನ್ ತಗೊಳ್ಳಿ. ಆಮೇಲೆ ಊದಿನಕಡ್ಡಿ ಹಚ್ಚಿ ನೋಡಿ.

ಸ್ಟಾಪ್ ಬಾತ್‌ಗೆ, ಅಂದರೆ ಡೆವಲಪರ್ ಕೆಲಸ ನಿಲ್ಲಿಸೋ ದ್ರಾವಣಕ್ಕೆ, ಅಸಿಟಿಕ್ ಆ್ಯಸಿಡ್ ಬಿಟ್ಟು ಸಿಟ್ರಿಕ್ ಆ್ಯಸಿಡ್ ಹಾಕಿ, ಲೀಟರಿಗೆ 15 ಗ್ರಾಂ. ವಾಸನೆಯೇ ಇಲ್ಲ.

ನಿಮ್ಮದು ಬಚ್ಚಲು ಅಂದಿರಲ್ಲ, ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ಡಾರ್ಕ್‌ರೂಮ್ ಬೇರೆ ಕಡೆ ಮಾಡಿ. ಮುಚ್ಚಿದ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್. ಹೈಪೋ ಘಾಟು ಕೊಟ್ಟಾದರೂ ಎಚ್ಚರಿಸುತ್ತೆ, ಇದಕ್ಕೆ ವಾಸನೆಯೂ ಇಲ್ಲ.

ಸಲ್ಫೈಡ್ ಹಾಕಿ ಫೋಟೊಗೆ ಸೇಪಿಯಾ, ಅಂದರೆ ಕಂದು ಬಣ್ಣ ಕೊಡೋದಂತೂ ಯಾವ ಫ್ಯಾನ್ ಇದ್ದರೂ ಒಳಗೆ ಬೇಡ. ನಾನು ಮಾಳಿಗೆ ಮೇಲೆ ಮಾಡ್ತೀನಿ. ಅವತ್ತೆಲ್ಲ ಪಕ್ಕದ ಮನೆಯವರು ಯಾರ ಮನೆ ಗಟಾರ ಕಟ್ಟಿದೆ ಅಂತ ಓಣಿ ತುಂಬ ಹುಡುಕುತ್ತಿರುತ್ತಾರೆ.