ಕೈಯಿಟ್ರೆ ಹಗುರ, ಮೂರು ದಿನಕ್ಕೆ ಮತ್ತದೇ ನೋವು: ಬಳ್ಳಾರಿಯ ಒಂದು ಕೇಸ್

ಹೋದ ಬೇಸಿಗೇಲಿ ಸೊಂಟ, ಕತ್ತು ನೋವು ಅಂತ ನನ್ನ ಹತ್ರ ಬಂದ ಒಬ್ಬ ಅಕ್ಕನ ಕೇಸ್ ಇದು. ಹೆಸರು ಹೇಳಲ್ಲ, ಗುರುತು ಸಿಗಬಾರ್ದು ಅಂತ ಒಂದೆರಡು ವಿವರಾನೂ ಬದಲಾಯಿಸಿದೀನಿ. ವಯಸ್ಸು 40ರ ಆಸುಪಾಸು, ಬಳ್ಳಾರಿಲಿ ಜೀನ್ಸ್ ಹೊಲಿಯೋ ಕೆಲಸ, ಪೀಸ್ ಲೆಕ್ಕ, ಹೊಲಿದಷ್ಟೇ ದುಡ್ಡು, ಹಂಗಾಗಿ ಬೆಳಿಗ್ಗೆ ಮಷಿನ್ ಮುಂದೆ ಕತ್ತು ಬಗ್ಗಿಸಿ ಕೂತ್ರೆ ಊಟಕ್ಕೇ ಏಳೋದು. ಫಿಸಿಯೋಥೆರಪಿ ಮಾಡೋರೇ ಕಳಿಸಿದ್ರು, "ವಾರಕ್ಕೆ ಮೂರು ಸಲ ಬರ್ತಾರ್ರೀ, ಕೈಯಿಂದ ಒತ್ತಿಸ್ಕೊಂಡು ಹೋಗ್ತಾರ, ವ್ಯಾಯಾಮ ಮಾತ್ರ ಮಾಡಂಗಿಲ್ಲ, ಭಾಳ ಹೆದರ್ಯಾರ, ಒಂದ್ಸಲ ಮಾತಾಡ್ರಿ" ಅಂತ.

ಬಂದಾಗ ಆ ಬಿಸಿಲಲ್ಲೂ ಸೊಂಟಕ್ಕೊಂದು ಬೆಲ್ಟು, ಕತ್ತಿಗೊಂದು ಪಟ್ಟಿ, ಕೈಯಲ್ಲಿ ಎಂಆರ್‌ಐ ಸ್ಕ್ಯಾನಿನ ಕವರು. ಕೂತ್ಕೊಳ್ಳೋ ಮುಂಚೆನೇ "ಮೇಡಂ, ನನ್ನ ಡಿಸ್ಕ್ ಜಾರೈತಂತ, ಬಗ್ಗಿದ್ರ ಕಾಲು ಬಿದ್ದೋಗತೈತಂತ" ಅಂದ್ರು. ಡಿಸ್ಕ್ ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಯಾರಂದ್ರು ಅಂತ ಕೇಳಿದ್ರೆ ಪಕ್ಕದ ಮಷಿನ್ನಿನಾಕಿ, ನಾದಿನಿ. ಎಂಟು ತಿಂಗಳಿಂದ ಕೊಡ ಎತ್ತಿಲ್ಲ, ನೆಲಕ್ಕೆ ಕೂತಿಲ್ಲ, ರೊಟ್ಟಿ ಬಡಿಯೋದು ಮಗಳ ಪಾಲಿಗೆ ಬಂದಿದೆ. ಈ ನಡುವೆ ಉಳುಕು ತೆಗಿಯೋರ ಹತ್ರ ಹೋಗಿದ್ದಾಯ್ತು, ಕಾಲು ಮುಂದಾಗಿ ಹುಟ್ಟಿದೋರಿಂದ ಒದೆಸ್ಕೊಂಡಿದ್ದಾಯ್ತು, ಒಬ್ರು ಲಟಕ್ ಅಂತ ಕತ್ತು ತಿರುವಿ ಎರಡು ದಿನ ತಲೆ ಸುತ್ತಿತ್ತು.

ಮೊದ್ಲು ಅಪಾಯದ ಲಕ್ಷಣ ಕೇಳ್ದೆ, ಇದನ್ನ ಯಾವತ್ತೂ ಬಿಡಲ್ಲ. ಮೂತ್ರ ಕಟ್ಟೋದು ಇಲ್ಲ ಹಿಡಿತ ತಪ್ಪೋದು, ತೊಡೆ ಸಂದೀಲಿ ಜೋಮು, ಕಾಲಿನ ಶಕ್ತಿ ಕಮ್ಮಿಯಾಗ್ತಾ ಹೋಗೋದು, ಜ್ವರ, ಕಾರಣ ಇಲ್ದೆ ತೂಕ ಇಳಿಯೋದು, ಯಾವುದೂ ಇರ್ಲಿಲ್ಲ, ಡಾಕ್ಟರೂ ನೋಡಿದ್ರು. ಇದ್ರಲ್ಲಿ ಒಂದು ಕಂಡ್ರೂ ನನ್ನ ಹತ್ರ ಅಲ್ಲ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು ಅಂತ ಹೇಳ್ದೆ.

ಆಮೇಲೆ ಆ ಕವರ್ ವಿಷ್ಯ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ಒಟ್ಟು ಮಾಡಿ 2015ರಲ್ಲಿ ಲೆಕ್ಕ ಹಾಕಿದಾಗ 40ನೇ ವಯಸ್ಸಲ್ಲಿ ಅರ್ಧದಷ್ಟು ಜನಕ್ಕೆ ಡಿಸ್ಕ್ ಉಬ್ಬಿತ್ತು, 80ಕ್ಕೆ ಬಂದ್ರೆ ನೂರಕ್ಕೆ 84 ಜನಕ್ಕೆ. ಕೂದಲು ಬೆಳ್ಳಗಾದಂಗೆ ಅಂದೆ. ಅವ್ರ ಮುಖ ಸಣ್ಣದಾಯ್ತು, "ಹಂಗಾದ್ರ ನನ್ನ ನೋವು ಸುಳ್ಳೇನ್ರಿ?" ಅಂದ್ರು. ಅಲ್ಲಿ ನಾನು ಅವಸರ ಮಾಡಿದ್ದೆ. "ಇಲ್ಲಕ್ಕ, ನೋವು ಖರೇನೇ, ಬೆನ್ನು ಮುರಿದೈತಿ ಅನ್ನೋದಷ್ಟೇ ಖರೆ ಅಲ್ಲ" ಅಂತ ನಿಧಾನಕ್ಕೆ ಹೇಳ್ಬೇಕಾಯ್ತು.

ಕೈಯಿಂದ ಮಾಡೋ ಚಿಕಿತ್ಸೆ ಬಿಡ್ಲಾ ಅಂತ ಕೇಳಿದ್ರು. ಬಿಡಿ ಅನ್ಲಿಲ್ಲ. ಹಳೇ ಸೊಂಟ ನೋವಿಗೆ ಬೆನ್ನುಮೂಳೆ ಒತ್ತಿ ತಿರುವೋ ಚಿಕಿತ್ಸೆ ಬಗ್ಗೆ 47 ಪ್ರಯೋಗ, 9000ಕ್ಕೂ ಹೆಚ್ಚು ಜನರನ್ನ ಸೇರಿಸಿ 2019ರಲ್ಲಿ ಬಂದ ವಿಮರ್ಶೆ ಪ್ರಕಾರ ಅದು ವ್ಯಾಯಾಮದಂಥ ಬೇರೆ ಒಳ್ಳೆ ಚಿಕಿತ್ಸೆಗಳಷ್ಟೇ ಕೆಲಸ ಮಾಡುತ್ತೆ, ಜಾಸ್ತಿನೂ ಇಲ್ಲ ಕಮ್ಮಿನೂ ಇಲ್ಲ. ಕತ್ತಿಂದು ಇನ್ನೂ ಚೆನ್ನಾಗಿದೆ, 2012ರಲ್ಲಿ ಇತ್ತೀಚೆಗಷ್ಟೇ ಕತ್ತು ನೋವು ಶುರುವಾಗಿದ್ದ 272 ಜನರ ಮೇಲೆ ನೋಡಿದಾಗ 12 ವಾರ ಕತ್ತು-ಬೆನ್ನು ಒತ್ತಿಸ್ಕೊಂಡೋರು ಮಾತ್ರೆ ತಗೊಂಡೋರಿಗಿಂತ ಆರಾಮಾಗಿದ್ರು, ಆದ್ರೆ ಎರಡೇ ಸಲ ಹೋಗಿ ವ್ಯಾಯಾಮ ಕಲ್ತು ಮನೇಲಿ ಮಾಡ್ಕೊಂಡೋರೂ ಹೆಚ್ಚುಕಮ್ಮಿ ಅಷ್ಟೇ ಆರಾಮಾಗಿದ್ರು. ಪೀಸ್ ಲೆಕ್ಕದಲ್ಲಿ ದುಡಿಯೋರಿಗೆ ವಾರಕ್ಕೆ ಮೂರು ಮಧ್ಯಾಹ್ನ ಅಂದ್ರೆ ಎಷ್ಟಾಯ್ತು ಅಂತ ಅವ್ರಿಗೇ ಗೊತ್ತು, ಸುಮ್ನೆ ಕೂತು ಬೆರಳು ಎಣಿಸಿದ್ರು.

ಈ ಸಂಶೋಧನೇಲಿ ಒಂದು ತೊಡಕಿದೆ. ಮಾತ್ರೆ ಪರೀಕ್ಷೆಗೆ ಹೋಲಿಸಿ ನೋಡೋಕೆ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಡ್ಬಹುದು, ಕೈಗೆ ಖಾಲಿ ಕೈ ಎಲ್ಲಿಂದ ತರೋದು? ಒತ್ತೋರಿಗಂತೂ ತಾವೇನು ಮಾಡ್ತಿದೀವಿ ಅಂತ ಗೊತ್ತೇ ಇರುತ್ತೆ. ಗುಣ ಆಗಿದ್ದು ಒತ್ತಿದ್ದಕ್ಕಾ, ಪಕ್ಕದಲ್ಲಿ ಕೂತು ವಿಚಾರಿಸಿದ್ದಕ್ಕಾ ಅಂತ ಬಿಡಿಸೋದು ಕಷ್ಟ. ಅಕ್ಕ ಎರಡನೇ ಸಲ ಬಂದಾಗ ತಾವಾಗೇ ಅಂದ್ರು, "ಆ ಅರ್ಧ ತಾಸು ಒಬ್ರು ಎಲ್ಲಿ ನೋಯ್ತೈತವ್ವ ಅಂತ ಕೇಳ್ತಾರಲ್ರೀ, ಮನ್ಯಾಗ ಯಾರೂ ಕೇಳಂಗಿಲ್ಲ." ನಂಗೆ ಅರ್ಧ ಕೇಸ್ ಅಲ್ಲಿ ತಿಳೀತು.

ಕೊಟ್ಟ ಸಲಹೆ ಇಷ್ಟು. ಇನ್ನು ನಾಲ್ಕು ವಾರ ವಾರಕ್ಕೊಂದೇ ಸಲ ಹೋಗೋದು, ಒತ್ತಿಸ್ಕೊಂಡು ಹಗುರಾದ ಗಳಿಗೇಲೇ ಅಲ್ಲೇ ವ್ಯಾಯಾಮ ಮಾಡಿ ಏಳೋದು, ಯಾಕಂದ್ರೆ ಆ ಹಗುರ ಇರೋದೇ ಸ್ವಲ್ಪ ಹೊತ್ತು. ಬೆಲ್ಟು ಮೆಲ್ಲಗೆ ಬಿಡೋದು, ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಲ್ಲಿ ಕೊಟ್ಟ ಸಲಹೇಲಿ ಹಳೇ ಸೊಂಟ ನೋವಿಗೆ ವ್ಯಾಯಾಮ, ತಿಳುವಳಿಕೆ, ಮಸಾಜ್, ಮನಸ್ಸಿನ ಚಿಕಿತ್ಸೆ ಎಲ್ಲಾ ಇದೆ, ಬೆಲ್ಟು ಬೇಡ ಅಂತಿದೆ. ಕತ್ತು ಲಟಕ್ ಅನ್ಸೋರ ಹತ್ರ ಮಾತ್ರ ಹೋಗ್ಲೇಬಾರ್ದು, ಅಪರೂಪಕ್ಕಾದ್ರೂ ಕತ್ತಿನ ರಕ್ತನಾಳ ಒಳಗೆ ಸೀಳಿ ಲಕ್ವ ಹೊಡೆದಿರೋದು ದಾಖಲಾಗಿದೆ. ಅರ್ಧ ತಾಸಿಗೊಮ್ಮೆ ಎದ್ದು ನೀರು ಕುಡಿಯೋದು. ಕೊಡ ಮೊದ್ಲು ಕಾಲುಭಾಗ ತುಂಬಿ ಎತ್ತೋದು, ವಾರ ಬಿಟ್ಟು ಅರ್ಧ.

ಮೂರನೇ ಸಲ ಗಂಡನ್ನೂ ಕರ್ಕೊಂಡು ಬನ್ನಿ ಅಂದೆ. ಅವ್ರು ಕೆಟ್ಟ ಮನುಷ್ಯ ಅಲ್ಲ, ಮುಟ್ಟಿದ್ರೆ ಡಿಸ್ಕ್ ಇನ್ನೂ ಜಾರುತ್ತೆ ಅಂತ ಹೆದರಿ ದೂರ ಇದ್ರಂತೆ. ರಾತ್ರಿ ಹತ್ತು ನಿಮಿಷ ಹೆಗಲು ಒತ್ತಿ, ಜೋರಾಗಿ ಬೇಡ, ಎಲ್ಲಿ ನೋಯ್ತೈತಿ ಅಂತ ಕೇಳಿ ಅಂದೆ.

ಎರಡು ತಿಂಗಳಾದ್ಮೇಲೆ ಬಂದಾಗ ನೋವು ಹೋಗಿರ್ಲಿಲ್ಲ, ಬೆಳಿಗ್ಗೆ ಏಳುವಾಗ ಇನ್ನೂ ಹಿಡಿಯುತ್ತಂತೆ. ಕತ್ತಿನ ಪಟ್ಟಿ ಇರ್ಲಿಲ್ಲ. ರೊಟ್ಟಿ ಮಾತ್ರ ನಿಂತ್ಕೊಂಡು ಬಡೀತಿದಾರೆ, ನೆಲಕ್ಕೆ ಕೂರೋ ಧೈರ್ಯ ಇನ್ನೂ ಬಂದಿಲ್ಲ, ಮುಂದಿನ ಸಲ ಅದನ್ನೇ ಹಿಡ್ಕೊಬೇಕು.