ಹೆದರಿಕೆ ಹೋದ ಮೇಲೆ ಬಡ್ತಿ ಒಪ್ಪಿಕೊಳ್ಳಲೇ?

ಪ್ರಶ್ನೆ: ನನಗೆ 42 ವರ್ಷ. ಪತ್ತಿನ ಸಹಕಾರ ಸಂಘವೊಂದರಲ್ಲಿ ಹದಿನಾರು ವರ್ಷಗಳಿಂದ ನಗದು ಗುಮಾಸ್ತನಾಗಿದ್ದೇನೆ. ಸಂಜೆ ಲೆಕ್ಕ ತಾಳೆಯಾದ ಮೇಲೂ ಐನೂರರ ಕಟ್ಟುಗಳ ರಬ್ಬರ್ ಬ್ಯಾಂಡ್ ಬಿಚ್ಚಿ ಮತ್ತೆ ಎಣಿಸುತ್ತೇನೆ. ಮಗಳ ಶಾಲೆಯ ಬಸ್ಸು ಹೆದ್ದಾರಿಯಲ್ಲಿ ಬರಬೇಕಾದ್ದರಿಂದ ನಾಲ್ಕೂವರೆಯಿಂದ ಐದರೊಳಗೆ ಹೆಂಡತಿಗೆ ಮೂರು ಸಲವಾದರೂ ಫೋನ್ ಮಾಡುತ್ತೇನೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಗೃಹಸಾಲದ ಕಂತು, ಅಪ್ಪನ ಸಕ್ಕರೆ ಕಾಯಿಲೆ, ಮಗಳ ಮುಂದಿನ ಓದು ಒಂದರ ಹಿಂದೊಂದು ಬರುತ್ತವೆ. ಎದೆ ಹೊಡೆದುಕೊಳ್ಳುತ್ತದೆಂದು ಇಸಿಜಿ, ಎಕೋ ಎರಡನ್ನೂ ಮಾಡಿಸಿದ್ದಾಯಿತು. ಹೃದಯಕ್ಕೆ ಏನೂ ಆಗಿಲ್ಲ, ‘ಟೆನ್ಷನ್ ಮಾಡ್ಕೋಬೇಡಿ’ ಎಂದರು. ಅಮ್ಮ ತಾಯತ ಕಟ್ಟಿಸಿದ್ದಾರೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ನಿನಗೆ ಅರಮನೆ ಕೊಟ್ಟರೂ ನಿದ್ದೆ ಬರಲಿಕ್ಕಿಲ್ಲ’ ಎಂದು ಭಾವ ನಗುತ್ತಾರೆ. ಕಳೆದ ತಿಂಗಳು ಆಡಳಿತ ಮಂಡಳಿಯವರು ನನಗೆ ವ್ಯವಸ್ಥಾಪಕನ ಹುದ್ದೆ ಕೊಡಲು ಮುಂದಾದರು. ಮಹಾಸಭೆಯಲ್ಲಿ ಸದಸ್ಯರೆದುರು ನಿಂತು ವರದಿ ಓದಬೇಕು, ಸಾಲ ವಸೂಲಿಗೆ ಮನೆಮನೆಗೆ ಹೋಗಬೇಕು ಎಂಬುದು ನೆನಪಾಗಿ, ಮನೆಯ ತೊಂದರೆ ಎಂದು ಬರೆದುಕೊಟ್ಟು ಬೇಡವೆಂದೆ. ಅವರು ಇನ್ನೂ ಒಂದು ತಿಂಗಳು ಯೋಚಿಸಲು ಹೇಳಿದ್ದಾರೆ. ಮೊದಲು ಈ ಹೆದರಿಕೆಯನ್ನು ಓಡಿಸಿಕೊಂಡು ಆಮೇಲೆ ಹುದ್ದೆ ಒಪ್ಪಿಕೊಳ್ಳಲೇ? ಇದಕ್ಕೆಲ್ಲ ಮಾತ್ರೆ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲವೇ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಮೊದಲು’, ‘ಆಮೇಲೆ’ ಎಂಬ ಎರಡು ಪದಗಳಲ್ಲಿಯೇ ತೊಡಕಿದೆ. ಹೆದರಿಕೆ ಹೋಗಲೆಂದು ಕಾಯುತ್ತ ಕುಳಿತವರಿಗೆ ಅದು ಹೋದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಅಷ್ಟಾಗಿ ಕಂಡಿಲ್ಲ. ಹೆದರುತ್ತಲೇ ಕೆಲಸಕ್ಕಿಳಿದವರ ಹೆದರಿಕೆ ಮೆಲ್ಲಗೆ ತಗ್ಗಿದ್ದನ್ನು ಮಾತ್ರ ಬೇಕಾದಷ್ಟು ಸಲ ಕಂಡಿದ್ದೇನೆ. ಹಾಗೆಂದು ನಾಳೆಯೇ ಹೋಗಿ ಸಹಿ ಹಾಕಿ ಎಂದು ಹೇಳುತ್ತಿಲ್ಲ. ಕೈಯಲ್ಲಿ ಒಂದು ತಿಂಗಳಿದೆ, ಅದನ್ನು ಹೇಗೆ ಬಳಸಬಹುದೆಂದು ನೋಡೋಣ.

ಮೊದಲಿಗೆ ನಿಮ್ಮ ಎದೆಬಡಿತದ ವಿಚಾರ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಆ ಬಡಿತ ಸುಳ್ಳಾಗುವುದಿಲ್ಲ. ಅಪಾಯವಿದೆ ಎಂದು ಮಿದುಳು ಸೂಚನೆ ಕೊಟ್ಟೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಗುಂಡಿಗೆಯ ಓಟ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣದ ಕೆಲಸ ನಿಧಾನವಾಗಿ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಎದುರಿಗೆ ಹೋರಿ ನುಗ್ಗಿ ಬಂದರೂ ಇಷ್ಟೇ ಆಗುವುದು, ಇನ್ನೂ ಕಟ್ಟಬೇಕಾಗಿರುವ ಮುಂದಿನ ವರ್ಷದ ಕಂತು ನೆನಪಾದರೂ ಇಷ್ಟೇ ಆಗುವುದು. ಹೋರಿಯಾದರೆ ಹಾದುಹೋಗುತ್ತದೆ, ಮೈಯೂ ಸುಸ್ತಾಗಿ ತಣ್ಣಗಾಗುತ್ತದೆ. ಕಂತು ಹಾಗೆ ಹಾದುಹೋಗುವುದಿಲ್ಲವಾದ್ದರಿಂದ ಮೈ ಕಾವಲು ಇಳಿಸುವುದೇ ಇಲ್ಲ. ಇನ್ನೊಂದು ಪರೀಕ್ಷೆ ಬಾಕಿಯಿದೆ ಎಂದು ನನಗೆ ಅನ್ನಿಸುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಎದೆಬಡಿತ, ನಡುಕ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ರಕ್ತಹೀನತೆಯಲ್ಲಿಯೂ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ಎರಡನ್ನೂ ಒಮ್ಮೆ ನೋಡಿಸಿಬಿಡಿ. ಕೌಂಟರಿನಲ್ಲಿ ಕೂತಲ್ಲಿಗೇ ಎಷ್ಟು ಸಲ ಚಹಾ ಬರುತ್ತದೆ ಎಂಬುದನ್ನೂ ಲೆಕ್ಕ ಹಾಕಿ. ಸಂಜೆ ಆರಕ್ಕೆ ಕುಡಿದ ಚಹಾದ ಕೆಫೀನಿನಲ್ಲಿ ಸುಮಾರು ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ.

ಇನ್ನು ಎಣಿಕೆ ಮತ್ತು ಫೋನ್. ನೋಟನ್ನು ಎರಡು ಸಲ ಎಣಿಸುವುದು ನಿಮ್ಮ ಕಸುಬಿನ ಶಿಸ್ತು, ಅದನ್ನು ಬಿಡಿ ಎಂದು ಯಾರೂ ಹೇಳಲಾರರು. ಮೂರನೆಯ ಎಣಿಕೆ ಯಾರಿಗಾಗಿ? ದಿನವಹಿ ಪುಸ್ತಕದೊಂದಿಗೆ ತಾಳೆಯಾದ ಮೇಲೆ ಆ ಎಣಿಕೆಯಿಂದ ಸಂಘಕ್ಕೆ ಒಂದು ರೂಪಾಯಿಯ ಲಾಭವೂ ಇಲ್ಲ, ಅದು ನಿಮ್ಮ ಆತಂಕಕ್ಕೆ ನೀವು ದಿನವೂ ಕಟ್ಟುತ್ತಿರುವ ಬಡ್ಡಿ. ಬಡ್ಡಿ ಕಟ್ಟಿದ ಕ್ಷಣ ಹಗುರವೆನಿಸುವುದು ನಿಜ, ಆದರೆ ಅಸಲು ಹಾಗೆಯೇ ಉಳಿದಿರುತ್ತದೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಬಸ್ಸಿನ ವಿಷಯವೂ ಅಷ್ಟೇ. ನೀವು ಫೋನ್ ಮಾಡುತ್ತೀರಿ, ‘ಬಂದಳು’ ಎಂಬ ಮಾತು ಕೇಳುತ್ತದೆ, ಎದೆ ಹಗುರಾಗುತ್ತದೆ. ಆ ಹಗುರಾದ ಗಳಿಗೆಯಿಂದ ಮಿದುಳು ಕಲಿಯುವ ಪಾಠವೆಂದರೆ ಫೋನ್ ಮಾಡಿದ್ದರಿಂದಲೇ ಎಲ್ಲವೂ ಸರಿಹೋಯಿತು ಎಂಬುದು. ಫೋನ್ ಮಾಡದಿದ್ದ ದಿನವೂ ಮಗಳು ಅದೇ ಹೊತ್ತಿಗೆ ಚೀಲ ಹೊತ್ತು ಮನೆಯೊಳಗೆ ಬರುತ್ತಾಳೆಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಕ್ಕಿಲ್ಲ. ಅರಿವು ಮತ್ತು ವರ್ತನೆಯ ಚಿಕಿತ್ಸೆ, ಅಂದರೆ ಸಿಬಿಟಿ ಎಂದು ಕರೆಯುವ ಪದ್ಧತಿಯ ಒಂದು ಮುಖ್ಯ ಎಳೆ ಈ ಅವಕಾಶವನ್ನು ಸ್ವಲ್ಪಸ್ವಲ್ಪವಾಗಿ ಒದಗಿಸಿಕೊಡುವುದು.

ಹೀಗೆ ಮಾಡಿ. ಈ ವಾರ ಮೂರು ಕರೆಗಳು ಎರಡಾಗಲಿ, ಮುಂದಿನ ವಾರ ಒಂದಾಗಲಿ, ಅದೂ ಐದೂಕಾಲರ ನಂತರ. ಮೊದಲ ದಿನ ಐದಕ್ಕೆ ಹತ್ತು ನಿಮಿಷವಿರುವಾಗ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ, ಅಂಗೈ ಬೆವರುತ್ತದೆ, ಇವತ್ತೇ ಏನಾದರೂ ಆಗಿದ್ದರೆ ಎಂಬ ಮಾತು ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತದೆ. ಆಗ ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ಮುಂದಿನ ಗ್ರಾಹಕನ ಪಾಸ್‌ಬುಕ್ ತೆಗೆದುಕೊಳ್ಳಿ, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಆತಂಕ ಏರುವುದಕ್ಕೂ ಒಂದು ಮಿತಿಯುಂಟು; ಏರಿದ್ದು ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ನೀವು ಏನೂ ಮಾಡದಿದ್ದರೂ ಇಳಿಯುತ್ತದೆ. ಅದು ಇಳಿಯುವುದನ್ನು ಒಮ್ಮೆ ಮೈಯಾರೆ ಅನುಭವಿಸಿದವನಿಗೆ ನನ್ನ ಅಂಕಣದ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ಆದರೆ ಎಣಿಸುವುದು, ಬೀಗ ಎಳೆದು ನೋಡುವುದು ಇಂಥವಕ್ಕೇ ದಿನಕ್ಕೆ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಹೋಗುತ್ತಿದ್ದರೆ ಅದು ಗೀಳಿನ ಕಾಯಿಲೆಯೂ ಆಗಿರಬಹುದು. ಅದಕ್ಕೆ ಬೇರೆಯೇ ಕ್ರಮದ ಚಿಕಿತ್ಸೆಯಿರುವುದರಿಂದ ವೈದ್ಯರಿಗೆ ಅದನ್ನು ಮುಚ್ಚಿಡಬೇಡಿ.

ರಾತ್ರಿ ಮೂರು ಗಂಟೆಯ ಲೆಕ್ಕಾಚಾರಕ್ಕೆ ನಿಮ್ಮ ಕೌಂಟರಿನ ನಿಯಮವನ್ನೇ ಅನ್ವಯಿಸಬಹುದು. ಲೆಕ್ಕ ಮುಗಿಸಿದ ಮೇಲೆ ಹಣ ಕಟ್ಟಲು ಬಂದವರನ್ನು ನೀವು ಬೈಯುವುದಿಲ್ಲ, ಒಳಗೂ ಬಿಟ್ಟುಕೊಳ್ಳುವುದಿಲ್ಲ. ‘ನಾಳೆ ಬನ್ನಿ’ ಎನ್ನುತ್ತೀರಿ. ಚಿಂತೆಗೂ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ. ಸಂಜೆ ಏಳರಿಂದ ಏಳೂವರೆ ಎಂದಿಟ್ಟುಕೊಂಡರೆ, ಆ ಅರ್ಧ ಗಂಟೆ ನೋಟ್‌ಬುಕ್ ಹಿಡಿದು ಕುಳಿತು ಕಂತಿನಿಂದ ಹಿಡಿದು ಅಪ್ಪನ ಸಕ್ಕರೆಯವರೆಗೆ ಎಲ್ಲವನ್ನೂ ಬರೆಯಿರಿ, ನಾಳೆ ಕೈಯಾರೆ ಏನಾದರೂ ಮಾಡಲು ಬರುವಂಥವುಗಳ ಮುಂದೆ ಆ ಕೆಲಸವನ್ನೂ ಬರೆಯಿರಿ. ಮಿಕ್ಕವು ಹಾಗೆಯೇ ಇರಲಿ. ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೂ ಬಳಸುತ್ತಿರುವ ಉಪಾಯವಿದು. ಕೇಳಲು ಬಾಲಿಶವೆನಿಸಿದರೂ ಎರಡು ವಾರ ಬಿಡದೆ ಮಾಡಿದವರಲ್ಲಿ ಹಲವರಿಗೆ ಫಲ ಕೊಟ್ಟಿದೆ. ಮೂರು ಗಂಟೆಗೆ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹಜಾರದಲ್ಲಿ ಕುಳಿತುಕೊಳ್ಳಿ, ನಿದ್ದೆ ಎಳೆದಾಗ ಮರಳಿ ಹಾಸಿಗೆಗೆ ಹೋಗಿ. ಗಡಿಯಾರ ನೋಡುವುದು ಬೇಡ.

ಇದು ಸ್ವಭಾವವೋ ಕಾಯಿಲೆಯೋ ಎಂದು ನಿಮ್ಮ ಮನೆಯವರಿಗೂ ಅನುಮಾನವಿದ್ದಂತಿದೆ. ಬಹುಪಾಲು ದಿನಗಳಲ್ಲಿ ಹತ್ತಾರು ವಿಷಯಗಳ ಬಗೆಗೆ ತಡೆಯಲಾಗದ ಚಿಂತೆಯಿದ್ದು, ಅದರೊಡನೆ ನಿದ್ರೆಗೇಡು, ಸ್ನಾಯುಬಿಗಿತ, ಆಯಾಸ, ಸಿಡಿಮಿಡಿ ಇಂಥವು ಸೇರಿಕೊಂಡು ಆರು ತಿಂಗಳು ದಾಟಿದರೆ, ಮತ್ತು ಅದರಿಂದ ಬದುಕಿನ ಕೆಲಸಗಳು ಕೆಡುತ್ತಿದ್ದರೆ, ವೈದ್ಯರು ಅದನ್ನು ಸಾರ್ವತ್ರಿಕ ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಕೈಗೆ ಬಂದ ಹುದ್ದೆಯನ್ನು ನೀವು ಬಿಟ್ಟುಕೊಟ್ಟದ್ದು ಈ ಕೊನೆಯ ಮಾತಿಗೆ ಒಳ್ಳೆಯ ಸಾಕ್ಷಿ. ಜಿಎಡಿ–7 ಎಂಬ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ. ಕಳೆದ ಎರಡು ವಾರಗಳ ಸ್ಥಿತಿಗೆ ಪ್ರಶ್ನೆಯೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡಿದಾಗ 21ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಅದು ಸೂಚನೆಯಷ್ಟೇ, ರೋಗನಿರ್ಣಯವನ್ನು ವೈದ್ಯರೇ ಮಾಡಬೇಕು.

ಮಾತ್ರೆ ದೌರ್ಬಲ್ಯವೇ ಎಂದು ಕೇಳಿದ್ದೀರಿ. ನಿಮ್ಮ ತಂದೆಯವರು ಸಕ್ಕರೆಯ ಮಾತ್ರೆ ನುಂಗುವಾಗ ಈ ಪ್ರಶ್ನೆ ನಿಮಗೆ ಬಂದಿರಲಾರದು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕೆಂದಾದರೆ ಸಾಮಾನ್ಯವಾಗಿ ಮೊದಲು ಕೊಡುವ ಎಸ್‌ಎಸ್‌ಆರ್‌ಐ ವರ್ಗದ ಔಷಧಿಗಳು ಹಿಡಿತಕ್ಕೆ ಬರಲು ಎರಡರಿಂದ ಆರು ವಾರ ತೆಗೆದುಕೊಳ್ಳುತ್ತವೆ, ಮೊದಲ ದಿನಗಳಲ್ಲಿ ಕಸಿವಿಸಿ ಸ್ವಲ್ಪ ಹೆಚ್ಚಾಗುವುದೂ ಉಂಟು. ನಾಲ್ಕು ದಿನ ನುಂಗಿ, ಏನೂ ಆಗಲಿಲ್ಲವೆಂದು ಬಿಟ್ಟವರೇ ಹೆಚ್ಚು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ. ಇಂದು ದೇಶದ ತುಂಬ ಹರಡಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೆಂಬುದು ನಮ್ಮವರಿಗೇ ಮರೆತಂತಿದೆ. ಸಂಘದವರಿಗೆ ಗೊತ್ತಾದೀತೆಂಬ ಭಯವಿದ್ದರೆ, ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ತಾಯತವನ್ನು ಬಿಚ್ಚಬೇಕಾಗಿಲ್ಲ, ಅಮ್ಮನಿಗೆ ಅದರಿಂದ ಸಮಾಧಾನವಿದ್ದರೆ ಇರಲಿ.

ಹುದ್ದೆಯ ವಿಷಯಕ್ಕೆ ಬಂದರೆ, ಈ ತಿಂಗಳಲ್ಲಿ ಈಗಿನ ವ್ಯವಸ್ಥಾಪಕರು ರಜೆ ಹಾಕುವ ಎರಡು ಮೂರು ದಿನ ಪ್ರಭಾರ ವಹಿಸಿಕೊಳ್ಳುತ್ತೇನೆಂದು ನೀವಾಗಿಯೇ ಕೇಳಿ. ವಸೂಲಿಗೆ ಒಮ್ಮೆ ಅವರ ಜೊತೆಯಲ್ಲಿ ಹೋಗಿ ಬನ್ನಿ. ಕಳೆದ ವರ್ಷದ ವರದಿಯನ್ನು ಮೊದಲು ಹೆಂಡತಿ ಮಗಳ ಎದುರಿಗೆ, ಆಮೇಲೆ ಸಹೋದ್ಯೋಗಿಗಳ ಎದುರಿಗೆ ನಿಂತು ಓದಿ. ಧ್ವನಿ ನಡುಗಿದರೆ ನಡುಗಲಿ. ಸಭೆಗೆ ಬಂದ ಸದಸ್ಯರ ಕಿವಿ ಲಾಭಾಂಶದ ಅಂಕಿಯ ಮೇಲಿರುತ್ತದೆಯೇ ಹೊರತು ನಿಮ್ಮ ಗಂಟಲಿನ ಮೇಲಲ್ಲ. ಭಾಷಣಕ್ಕೆ ಹೋಗುವ ಮುನ್ನ ನಾನು ಇಂದಿಗೂ ನೀರಿನ ಲೋಟ ಎಲ್ಲಿದೆ ಎಂದು ಎರಡೆರಡು ಸಲ ನೋಡಿಕೊಳ್ಳುವವನೇ. ಇಷ್ಟೆಲ್ಲ ಮಾಡಿಯೂ ಆ ಕೆಲಸ ನಿಮಗೆ ಹಿಡಿಸದಿದ್ದರೆ ಧಾರಾಳವಾಗಿ ಬೇಡವೆನ್ನಿ. ಆಗ ಅದು ಹೆದರಿಕೆ ಹೇಳಿಸಿದ ‘ಬೇಡ’ ಆಗಿರುವುದಿಲ್ಲ.

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನಲ್ಲಿ ಕೆಲಸ. ಕಳೆದ ವರ್ಷ ಗಾಬರಿ, ನಿದ್ರೆಯಿಲ್ಲವೆಂದಾಗ ವೈದ್ಯರು ಹತ್ತು ದಿನಕ್ಕೆ ಆಲ್ಪ್ರಜೋಲಾಂ ಬರೆದುಕೊಟ್ಟರು. ಆ ಹಳೆಯ ಚೀಟಿಯನ್ನೇ ತೋರಿಸಿ ಹನ್ನೊಂದು ತಿಂಗಳಿಂದ ತರಿಸಿಕೊಳ್ಳುತ್ತಿದ್ದೇನೆ. ಈಗ ಒಂದರ ಬದಲು ಎರಡು ಬೇಕಾಗುತ್ತಿದೆ. ನಾಳೆಯಿಂದಲೇ ಪೂರ್ತಿ ನಿಲ್ಲಿಸಿಬಿಡಬೇಕೆಂದಿದ್ದೇನೆ, ಸರಿಯೇ?
— ಓದುಗಳು, ಬೆಂಗಳೂರು

ಉತ್ತರ: ದಯವಿಟ್ಟು ಬೇಡ. ನಿಲ್ಲಿಸುವ ನಿರ್ಧಾರ ಸರಿ, ಒಮ್ಮೆಲೇ ನಿಲ್ಲಿಸುವುದು ಅಪಾಯ. ತಿಂಗಳುಗಟ್ಟಲೆ ತೆಗೆದುಕೊಂಡ ಈ ಬಗೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಗಾಬರಿ, ನಡುಕ, ನಿದ್ರೆಗೇಡು ಮೊದಲಿಗಿಂತ ಜೋರಾಗಿ ಮರಳುತ್ತವೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಹಾಗೆ ಮರಳಿದ ಗಾಬರಿಯನ್ನು ಕಂಡು, ಮಾತ್ರೆಯಿಲ್ಲದೆ ತಾನು ಬದುಕಲಾರೆನೆಂದು ತಪ್ಪು ತಿಳಿದು ಮತ್ತೆ ಅದಕ್ಕೇ ಶರಣಾಗುವವರು ಬಹಳ. ಒಂದು ಸಾಲದೆ ಎರಡು ಬೇಕಾಗುತ್ತಿರುವುದು ಮೈ ಅದಕ್ಕೆ ಒಗ್ಗಿಕೊಂಡಿರುವುದರ ಲಕ್ಷಣ. ನಿಮ್ಮ ಮನೋಬಲಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೋವೈದ್ಯರು ಪ್ರಮಾಣವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತ ಬಂದು, ಮೂಲದ ಆತಂಕಕ್ಕೆ ಬೇರೆ ಚಿಕಿತ್ಸೆ ಆರಂಭಿಸುತ್ತಾರೆ. ಅವರನ್ನು ಕಾಣುವವರೆಗೆ ಈಗಿನ ಪ್ರಮಾಣವನ್ನು ಹೆಚ್ಚಿಸಲೂ ಬೇಡಿ, ನೀವಾಗಿಯೇ ಬಿಡಲೂ ಬೇಡಿ. ಅದರ ಜೊತೆಗೆ ಮದ್ಯ ಸೇವನೆಯಂತೂ ಕೂಡದು. ಔಷಧ ನಿಯಮಗಳ ಎಚ್‌1 ಪಟ್ಟಿಯಲ್ಲಿರುವ ಈ ಮಾತ್ರೆಯನ್ನು ಅಂಗಡಿಯವರು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು; ವರ್ಷದ ಹಿಂದಿನ ಚೀಟಿಗೆ ಹನ್ನೊಂದು ತಿಂಗಳು ಕೊಡುತ್ತಲೇ ಬಂದವರೂ ನಿಮ್ಮಷ್ಟೇ ತಪ್ಪು ಮಾಡಿದ್ದಾರೆ. ವೈದ್ಯರ ಭೇಟಿ ತಡವಾಗುವಂತಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಸಹಾಯವಾಣಿ ಉಚಿತ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರಾದ ಮೇಲೆ ಮಲಗುವ ಮುನ್ನ ಐದಾರು ಸಲ ‘ಗ್ಯಾಸ್ ಆಫ್ ಮಾಡಿದ್ದೀಯಾ, ಮಗ ದುಬೈಯಲ್ಲಿ ಚೆನ್ನಾಗಿದ್ದಾನಲ್ಲಾ’ ಎಂದು ಕೇಳುತ್ತಾರೆ. ಹೌದೆಂದು ಹೇಳಿ ಹೇಳಿ ಸಾಕಾಗಿದೆ. ರೇಗಿದರೆ ಆಮೇಲೆ ನನಗೇ ಪಶ್ಚಾತ್ತಾಪವಾಗುತ್ತದೆ.
— ಗೃಹಿಣಿ, ಉಡುಪಿ

ಉತ್ತರ: ನೀವು ಕೊಡುವ ಪ್ರತಿಯೊಂದು ‘ಹೌದು’ ಅವರಿಗೆ ಐದು ನಿಮಿಷದ ನೆಮ್ಮದಿ ಕೊಟ್ಟು ಆರನೆಯ ನಿಮಿಷಕ್ಕೆ ಮತ್ತೆ ಕೇಳುವಂತೆ ಮಾಡುತ್ತಿದೆ. ಪ್ರೀತಿಯಿಂದಲೇ ಹೇಳಿದರೂ, ರೇಗಿ ಹೇಳಿದರೂ ಇದರಲ್ಲಿ ವ್ಯತ್ಯಾಸವಿಲ್ಲ. ಆದರೆ ಏಕಾಏಕಿ ಉತ್ತರ ಕೊಡುವುದನ್ನು ನಿಲ್ಲಿಸಿದರೆ ಅವರಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಹಗಲಿನಲ್ಲಿ, ಇಬ್ಬರೂ ಸಮಾಧಾನವಾಗಿರುವಾಗ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಿ: ರಾತ್ರಿ ರೆಗ್ಯುಲೇಟರಿನ ಗುಂಡಿಯನ್ನು ಅವರೇ ತಿರುಗಿಸಿ ಬರಲಿ, ಒಮ್ಮೆ ಕೇಳಿದ್ದಕ್ಕೆ ನೀವು ಉತ್ತರಿಸಿ, ಎರಡನೆಯ ಸಲಕ್ಕೆ ‘ಇದಕ್ಕೆ ಉತ್ತರ ನಿಮಗೆ ಗೊತ್ತಿದೆ ಅಲ್ವಾ’ ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯಿರಿ. ಮಗನಿಗೂ ವಾರದಲ್ಲಿ ಗೊತ್ತಾದ ಎರಡು ದಿನ ಅಪ್ಪನೊಡನೆಯೇ ಮಾತನಾಡಲು ಹೇಳಿ. ಇಷ್ಟು ವರ್ಷ ಕಚೇರಿಯಲ್ಲಿ ಹತ್ತು ಜನರ ಹೊಣೆ ಹೊತ್ತವರಿಗೆ ಈಗ ಹೊರಲು ಏನೂ ಇಲ್ಲದಿರುವುದೂ ಕಾರಣವಿರಬಹುದು; ಬೆಳಗಿನ ನಡಿಗೆಗೋ ದೇವಸ್ಥಾನದ ಲೆಕ್ಕ ಬರೆಯುವುದಕ್ಕೋ ಅವರನ್ನು ಹಚ್ಚಿ. ಹೊಸದಾಗಿ ಮರೆವು ಕಾಣಿಸಿಕೊಂಡಿದ್ದರೆ, ಅಂದರೆ ಉತ್ತರ ಕೇಳಿದ್ದೇ ಅವರಿಗೆ ನೆನಪಿಲ್ಲದಿದ್ದರೆ, ಅದು ಆತಂಕಕ್ಕಿಂತ ಬೇರೆಯ ವಿಚಾರ. ತಡಮಾಡದೆ ವೈದ್ಯರಿಗೆ ತೋರಿಸಿ. ಅಂಥದ್ದೇನೂ ಇಲ್ಲವಾಗಿ, ಯಾವುದಾದರೂ ರಾತ್ರಿ ಅವರು ಎರಡನೆಯ ಸಲ ಕೇಳದೆಯೇ ಮಲಗಿದರೆ, ಮರುದಿನ ಕಾಫಿ ಕೊಡುವಾಗ ಅದನ್ನು ನೀವು ಗಮನಿಸಿದ್ದೀರೆಂದು ಅವರಿಗೆ ಹೇಳಿ.