ಮುಂದಿನ ತಪಾಸಣೆಗೆ ಮುಂಚೆ ಮುಗಿಯುವಂಥ ಚಿತ್ರ

ಸ್ತನ ಕ್ಯಾನ್ಸರ್ ಆದವರು ಆಪ್ತಸಲಹೆಗೆ ಹೆಚ್ಚಾಗಿ ಬರುವುದು ಚಿಕಿತ್ಸೆ ಮುಗಿದ ಮೇಲೆ. ಕಿಮೋ, ರೇಡಿಯೇಶನ್ ನಡೆಯುವಾಗ ದಿನಕ್ಕೊಂದು ಕೆಲಸವಿರುತ್ತದೆ. ಮುಗಿದ ಮೇಲೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂಬ ಚೀಟಿಯಷ್ಟೇ ಉಳಿಯುತ್ತದೆ. ಇಂಥ ಪ್ರಕರಣಗಳು ಮತ್ತೆ ಮತ್ತೆ ಎದುರಾಗುತ್ತಿರುವುದರಿಂದ ಗುರುತು ಸಿಗದಂತೆ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ, ನಲವತ್ತು ದಾಟಿದ ಮಹಿಳೆ. ಬಲಗಡೆ ಶಸ್ತ್ರಚಿಕಿತ್ಸೆ, ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧಿ ಸೇರಿದ ಕಿಮೋ, ರೇಡಿಯೇಶನ್ ಎಲ್ಲ ಮುಗಿದು, ಕ್ಯಾನ್ಸರ್ ಮರಳುವ ಸಂಭವ ತಗ್ಗಿಸಲು ದಿನಾ ಟಮೋಕ್ಸಿಫೆನ್ ಮಾತ್ರೆ ನಡೆದಿತ್ತು. ಬೆನ್ನು ನೋವಾದರೆ ಮೂಳೆಗೆ ಹರಡಿತೇನೋ, ಕೆಮ್ಮು ಬಂದರೆ ಶ್ವಾಸಕೋಶಕ್ಕೇನೋ ಎಂಬ ಭಯ. ದಿನಕ್ಕೆ ಹತ್ತಾರು ಸಲ ಕಂಕುಳು ಒತ್ತಿ ನೋಡಿಕೊಳ್ಳುತ್ತಿದ್ದರು. ಒತ್ತಿ ಒತ್ತಿ ಅಲ್ಲೇ ನೋವು ಬಂದು, ಆ ನೋವೇ ಹೊಸ ಸಾಕ್ಷಿಯಾಗುತ್ತಿತ್ತು.

ಒಂದು ದಿನ ಹಳೆಯ ಸ್ಕೆಚ್ ಪುಸ್ತಕ ತಂದರು. ಹಿಂದೆ ಹೊಳೆದು ಕೈಬಿಟ್ಟಿದ್ದ ಯೋಚನೆಗಳು ಅದರಲ್ಲಿದ್ದವು: ಬಾವಿಕಟ್ಟೆಯ ಮೇಲೆ ಸಭೆ ಸೇರಿದ ಕೊಡಗಳು, ಮಳೆಗಾಲ ಮುಗಿದ ಮೇಲೆ ಊರು ಬಿಟ್ಟು ಹೊರಟ ಕೊಡೆ.

“ಇದನ್ನೇ ಮುಂದುವರಿಸು, ಮನಸ್ಸು ಹಗುರಾಗುತ್ತೆ ಅಂತ ನಮ್ಮನೆಯವರು ಹೇಳಿದ್ರು ಮೇಡಂ. ದಿನಾ ಸಂಜೆ ಟ್ರೇಸಿಂಗ್ ಪೇಪರ್ ಇಟ್ಟು ಒಂದು ಹಳೇ ಚಿತ್ರ ತಿದ್ದುತ್ತೀನಿ.”

“ತಿದ್ದಿದ ಮೇಲೆ?”

“ಎರಡನ್ನೂ ಪಕ್ಕಪಕ್ಕ ಇಟ್ಟು, ನನ್ನ ಕೈ ಎಷ್ಟು ಕೆಟ್ಟಿದೆ ಅಂತ ನೋಡ್ತೀನಿ.”

ಕಂಕುಳು ಒತ್ತುವುದೂ ಇದೂ ಒಂದೇ ಆಗಿತ್ತು. ಚಿತ್ರ ಬರೆಯುವ ಹೊತ್ತನ್ನೂ ಅವರು ತಪಾಸಣೆ ಮಾಡಿಕೊಂಡಿದ್ದರು. ಹೊಸದಾಗಿ ಬರೆಯಬಹುದಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಪುಸ್ತಕ ಮುಗಿಸುವಷ್ಟು ಕಾಲ ಇದೆಯೋ ಇಲ್ಲವೋ ಗೊತ್ತಿಲ್ಲದೆ ಹೇಗೆ ಶುರು ಮಾಡಲಿ?” ಎಂದರು.

‘ಏನೂ ಆಗಲ್ಲ, ಪಾಸಿಟಿವ್ ಆಗಿರಿ’ ಎನ್ನಬೇಕಿತ್ತು ಎಂದು ಅವರ ಗಂಡ ಆಮೇಲೆ ಬೇಸರಪಟ್ಟರು. ಕಾಯಿಲೆ ಮರಳುವುದಿಲ್ಲ ಎಂದು ಮಾತು ಕೊಡಲು ನಮಗೆ ಯಾರಿಗೂ ಬರುವುದಿಲ್ಲ. ಚಿಂತೆಯಿಂದಲೇ ಕ್ಯಾನ್ಸರ್ ಮರಳುತ್ತದೆ ಎಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. ಸದಾ ನಗುತ್ತಿರಬೇಕೆಂದು ರೋಗಿಗೆ ಹೇಳಿದರೆ, ಹೆದರಿದ್ದು ಕೂಡ ಅವರದೇ ತಪ್ಪು ಎನಿಸಿಬಿಡುತ್ತದೆ. ಆ ಹೊರೆ ಹೊತ್ತು ಬಂದವರನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಅದಕ್ಕೇ ಕೆಲಸದ ಅಳತೆಯನ್ನೇ ಬದಲಿಸೋಣ ಎಂದೆ. ಮುಂದಿನ ತಪಾಸಣೆಗೆ ಹನ್ನೆರಡು ವಾರವಿತ್ತು. ಅಷ್ಟರಲ್ಲಿ ಮುಗಿಯುವಂಥದ್ದು ಎಂಟು ಚಿತ್ರಗಳ ಒಂದು ಸಣ್ಣ ಕಥೆ. ವಾರಕ್ಕೊಂದು ಚಿತ್ರ, ಸುಸ್ತಿನ ದಿನಗಳಿಗೆಂದು ಮೂರು ವಾರ ಮೀಸಲು. ತಪಾಸಣೆಯ ಹಿಂದಿನ ವಾರ ಹೊಸ ಗೆರೆ ಬೇಡ, ಬಣ್ಣ ತುಂಬುವುದು ಮಾತ್ರ. ಆ ವಾರ ಯಾವ ಗೆರೆಯೂ ಸರಿಯೆನಿಸುವುದಿಲ್ಲ, ಚೆನ್ನಾಗಿರುವುದನ್ನೂ ಹರಿದು ಹಾಕುತ್ತಾರೆ.

ಹಳೆಯ ಪುಸ್ತಕದಿಂದ ಚಿತ್ರ ತೆಗೆದುಕೊಳ್ಳಬಾರದು, ಯೋಚನೆಯನ್ನಷ್ಟೇ ಒಂದು ವಾಕ್ಯದಲ್ಲಿ ಚೀಟಿಯ ಮೇಲೆ ಬರೆದು ಪುಸ್ತಕ ಮುಚ್ಚಿಡಬೇಕು. ಅವರು ಬರೆದದ್ದು: ‘ಮಳೆಗಾಲ ಮುಗಿದ ಮೇಲೆ ಕೊಡೆ ಎಲ್ಲಿಗೆ ಹೋಗುತ್ತದೆ?’ ಅದಕ್ಕೆ ಬೆಂಕಿಪೊಟ್ಟಣದ ಅಳತೆಯ ಆರು ರಫ್ ಚಿತ್ರ, ರಬ್ಬರ್ ಮುಟ್ಟದೆ. ಪ್ಯಾಕ್ಲಿಟಾಕ್ಸೆಲ್‌ನಿಂದ ಬೆರಳ ತುದಿಯ ನರಗಳಿಗೆ ಪೆಟ್ಟಾಗಿ ಜೋಮು ಹಿಡಿಯುತ್ತದೆ. ಎಷ್ಟು ಒತ್ತುತ್ತಿದ್ದೇವೆಂದು ತಿಳಿಯದೆ ನಿಬ್ಬಿನ ಗೆರೆ ಒಮ್ಮೆ ದಪ್ಪ, ಒಮ್ಮೆ ತೆಳು. ಹಲವರಿಗೆ ತಿಂಗಳುಗಳಲ್ಲಿ ಇದು ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಹಾಗಾಗಿ ನಿಬ್ ಬಿಟ್ಟು 4ಬಿ ಪೆನ್ಸಿಲ್, ಹಿಡಿಯುವ ಕಡೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದು. ಮೊಣಕೈ ಕೆಳಗೆ ದಿಂಬು. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಎತ್ತಿ ಮುಷ್ಟಿ ಬಿಗಿದು ಬಿಡುವುದು, ಏಕೆಂದರೆ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದ ಕಡೆಯ ಕೈ ಬಾತುಕೊಳ್ಳುವ ಸಂಭವವಿದೆ.

ಭಯಕ್ಕೂ ಒಂದು ಹೊತ್ತು ಗೊತ್ತು ಮಾಡಿದೆವು: ಸಂಜೆ ಐದಕ್ಕೆ ಇಪ್ಪತ್ತು ನಿಮಿಷ, ನೋಟ್‌ಬುಕ್ಕಿನಲ್ಲಿ. ಮಲಗುವ ಹೊತ್ತಿಗೆ ಬೇಡ, ನಿದ್ದೆ ಕೆಡುತ್ತದೆ. ಸ್ತನ ಮತ್ತು ಕಂಕುಳನ್ನು ಮುಟ್ಟಿ ನೋಡಿಕೊಳ್ಳುವುದು ತಿಂಗಳಿಗೊಮ್ಮೆ. ಹೊಸ ನೋವೋ ಕೆಮ್ಮೋ ಎರಡು ವಾರವಾದರೂ ಹೋಗದಿದ್ದರೆ, ಅಥವಾ ದಿನೇ ದಿನೇ ಹೆಚ್ಚಿದರೆ ವೈದ್ಯರಿಗೆ ಫೋನ್. ಹೊಸ ಗಂಟು ಸಿಕ್ಕರೆ ಎರಡು ವಾರ ಕಾಯಬಾರದು. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ ತೋರಿಸಬೇಕು. ಟಮೋಕ್ಸಿಫೆನ್ ತೆಗೆದುಕೊಳ್ಳುವವರಿಗೆ ಒಂದೇ ಕಾಲು ಬಾತು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣವಾಗಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಋತುಬಂಧವಾದ ಮೇಲೆ ರಕ್ತಸ್ರಾವ ಕಂಡರೂ ವೈದ್ಯರಿಗೆ ತಿಳಿಸಬೇಕು.

ತಪಾಸಣೆಯ ಹೊತ್ತಿಗೆ ಆರು ಚಿತ್ರ ಮುಗಿದಿದ್ದವು. ಉಳಿದೆರಡು ಮುಂದಿನ ಮೂರು ತಿಂಗಳಿಗೆ ಹೋದವು. ರಾತ್ರಿ ಎಚ್ಚರವಾಗುವುದು ಈಗಲೂ ಇದೆ, ಕಂಕುಳು ಒತ್ತುವುದು ಕಡಿಮೆಯಾಗಿದೆ.

ಎರಡು ವಾರ ನಿದ್ದೆ, ಊಟ ಎರಡೂ ಕೆಟ್ಟವರಿಗೆ ಇಷ್ಟು ಸಾಲದು, ಮನೋವೈದ್ಯರನ್ನು ಕಾಣಲೇಬೇಕು. ಬದುಕುವುದೇ ಬೇಡ ಎನಿಸುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.